ಶುಕ್ರವಾರದ ಮೀಟಿಂಗು
ನಮ್ಮ ನಾಯಿ ಗುಂಡ ಎಂಟು ತಿಂಗಳವರೆಗೂ ಪಾಪದ ಮರಿ ಥರ ಕೂತ್ಕೊಂಡೇ ಉಚ್ಚೆ ಹೊಯ್ತಿದ್ದ. ಒಂದಿನ ಅದೇನು ಜ್ಞಾನೋದಯ ಆಯ್ತೋ, ಕಾಲೆತ್ತೋದು ಕಲಿತ. ಅಲ್ಲಿಂದ ಶುರು ನೋಡಿ, ಸೋಫಾ ಕಾಲು, ಬಾಗಿಲ ಪರದೆ, ನನ್ನ ಲ್ಯಾಪ್‌ಟಾಪ್ ಬ್ಯಾಗು, ಎಲ್ಲದಕ್ಕೂ ಎರಡೆರಡು ಹನಿ ಸೀಲು ಒತ್ತಿ ಒತ್ತಿ ಒಂದೇ ವಾರದಲ್ಲಿ ಇಡೀ ಮನೇನ ತನ್ನ ಹೆಸರಿಗೆ ರಿಜಿಸ್ಟರ್ ಮಾಡಿಸ್ಕೊಂಡ್ಬಿಟ್ಟ. ಅಷ್ಟೇ ಆಗಿದ್ರೆ ಒರೆಸ್ಕೊಂಡು ಸುಮ್ನಿರ್ತಿದ್ವಿ. ಆದ್ರೆ ಹೆಂಡ್ತಿಯ ದೊಡ್ಡಪ್ಪ ಮನೆಗೆ ಬಂದು ಗಂಭೀರವಾಗಿ ಪೇಪರ್ ಓದ್ತಾ ಕೂತಿದ್ದಾಗ ಇವ್ನು ಹೋಗಿ ಅವರ ಮೊಣಕಾಲನ್ನ ಮುಂಗಾಲಲ್ಲಿ ಗಟ್ಟಿಯಾಗಿ ತಬ್ಕೊಂಡು... ಉಳಿದದ್ದು ಬರೆಯೋ ಹಾಗಿಲ್ಲ. ದೊಡ್ಡ ಮನುಷ್ಯರು, ಪೇಪರ್ ಕೆಳಗಿಳಿಸದೇನೇ "ಇದಕ್ಕೆ ಜನ ಅಂದ್ರೆ ಬಹಳ ಪ್ರೀತಿ ಅಲ್ವಾ" ಅಂದ್ರು.

ಅವತ್ತು ರಾತ್ರಿ ಹೆಂಡ್ತಿ "ರೀ, ಇವ್ನಿಗೆ ಆಪರೇಷನ್ ಮಾಡಿಸ್ಬಿಡೋಣ" ಅಂದ್ಲು. ಆ ಪದ ಬಿದ್ದ ತಕ್ಷಣ ಗುಂಡ ತಲೆ ಎತ್ತಿ ನನ್ನನ್ನೇ ನೋಡ್ದ. ವಾಕಿಂಗು, ಸ್ನಾನ, ಬಿಸ್ಕೆಟ್ಟು ಎಲ್ಲ ಅರ್ಥ ಆಗೋ ನಾಯಿಗೆ ಇದೊಂದು ಅರ್ಥ ಆಗಲ್ಲ ಅಂತ ಏನು ಗ್ಯಾರಂಟಿ? ಅದಕ್ಕೇ ಅವನೆದುರಿಗೆ ಈ ವಿಷ್ಯನ ಇನ್ಮೇಲೆ 'ಮೀಟಿಂಗು' ಅಂತ ಕರೆಯೋದು ಅಂತ ತೀರ್ಮಾನ ಆಯ್ತು. ಐಡಿಯಾ ನಂದೇ. ನೆನಪಿರಲಿ.

ಅಮ್ಮ ಮಾತ್ರ ಸುತರಾಂ ಒಪ್ಪಲಿಲ್ಲ. "ಆ ಮೂಕಪ್ರಾಣಿ ನಿಂಗೇನೋ ಮಾಡಿದೆ, ಬೀಜ ಒಡೆಸ್ತೀಯಾ? ಒಂದ್ಸಲ ಅಪ್ಪ ಆಗ್ಲಿ, ಆಮೇಲೆ ಏನಾದ್ರೂ ಮಾಡ್ಕೊ." ಮರಿಗಳನ್ನ ಯಾರಮ್ಮ ಸಾಕೋದು ಅಂದ್ರೆ ಅದು ಹೆಣ್ಣುನಾಯಿ ಮನೆಯವ್ರ ತಲೆನೋವಂತೆ. ಮಗನ ಕಡೆಯವ್ರ ಗತ್ತು ನಾಯಿ ವಿಷ್ಯದಲ್ಲೂ ಬಿಡಲಿಲ್ಲ ನೋಡಿ.

ನಾನು ರಾತ್ರಿಯೆಲ್ಲ ಮೊಬೈಲ್ ಹಿಡ್ಕೊಂಡು ಓದೋಕೆ ಕೂತೆ. ಓದಬೇಕಾದ್ದು ಬಿಟ್ಟು ಬೇರೆ ಎಲ್ಲ ಓದ್ದೆ. ಅಮೆರಿಕದ ಗ್ರೆಗ್ ಮಿಲ್ಲರ್ ಅನ್ನೋವ್ರು, ಆಪರೇಷನ್ ಆದ ನಾಯಿಗೆ ಖಾಲಿ ಖಾಲಿ ಅನ್ನಿಸದೇ ಇರ್ಲಿ ಅಂತ ನಕಲಿ ಬೀಜ ಕಂಡುಹಿಡಿದಿದ್ದಾರೆ, ನ್ಯೂಟಿಕಲ್ಸ್ ಅಂತ ಅದರ ಹೆಸ್ರು. 2005ರ ಹೊತ್ತಿಗೆ ಮೂರು ಸೈಜು, ಮೂರು ಥರದ ಗಟ್ಟಿತನದಲ್ಲಿ ಸಿಗ್ತಿತ್ತಂತೆ. ಅದೇ ವರ್ಷ ಅವ್ರಿಗೆ ಇದಕ್ಕೇ ಇಗ್ ನೊಬೆಲ್ ಕೂಡ ಬಂತು, ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಕೆಲಸಕ್ಕೆ ಕೊಡ್ತಾರಲ್ಲ, ಆ ಪ್ರಶಸ್ತಿ. ನಾನು ಯೋಚನೆಗೆ ಹತ್ತಿದ್ದೆ. ಬೆಳಗ್ಗೆ ಹೆಂಡ್ತಿಗೆ ಹೇಳಿದ್ರೆ "ಯಾರ ಮರ್ಯಾದೆ ಉಳಿಸೋಕೆ ರೀ ಇದು, ಅವನದ್ದಾ ನಿಮ್ಮದಾ?" ಅಂದ್ಲು.

ಕೊನೆಗೆ ಡಾಕ್ಟ್ರ ಹತ್ರ ಹೋದ್ವಿ. ಅವ್ರು ಸಮಾಧಾನವಾಗಿ ಹೇಳಿದ್ರು. ಮಾಡಿಸಿದ್ರೆ ಬೀಜದ ಕ್ಯಾನ್ಸರ್ ಭಯ ಇಲ್ಲ, ವಯಸ್ಸಾದ ಮೇಲೆ ಪ್ರಾಸ್ಟೇಟ್ ಊದ್ಕೊಳ್ಳೋ ಕಾಟ ತಪ್ಪುತ್ತೆ, ಬೆದೆಗೆ ಬಂದ ನಾಯಿಯ ವಾಸನೆ ಹಿಡ್ಕೊಂಡು ಗೇಟು ಹಾರೋದು ಕಮ್ಮಿ ಆಗುತ್ತೆ. ಆದ್ರೆ ಹಸಿವು ಜಾಸ್ತಿ, ಖರ್ಚಾಗೋ ಶಕ್ತಿ ಕಮ್ಮಿ, ಊಟ ಅಳೆದು ಹಾಕ್ಲಿಲ್ಲ ಅಂದ್ರೆ ಊದ್ತಾನೆ. ಗುಡುಗಿಗೆ ಮಂಚದಡಿ ಸೇರೋ ನಾಯಿ ಇದರಿಂದ ಧೈರ್ಯವಂತ ಏನೂ ಆಗಲ್ಲ. ದೊಡ್ಡ ತಳಿಗಳಿಗೆ ಅವಸರ ಮಾಡ್ಬಾರ್ದು, 2013ರಲ್ಲಿ ಗೋಲ್ಡನ್ ರಿಟ್ರೀವರ್‌ಗಳ ಮೇಲೆ ಒಂದು ಸ್ಟಡಿ ಬಂತು, ವರ್ಷ ತುಂಬೋಕೆ ಮುಂಚೆ ಮಾಡಿಸಿದವುಗಳಲ್ಲಿ ಕೀಲಿನ ತೊಂದರೆ ಜಾಸ್ತಿ ಕಂಡಿದೆ ಅಂದ್ರು. ನಮ್ಮವನು ಯಾವ ತಳಿ ಅಂತ ಅವನಮ್ಮನಿಗೇ ಗೊತ್ತಿದ್ಯೋ ಇಲ್ವೋ. ಆದ್ರೂ ವರ್ಷ ತುಂಬ್ಲಿ ಅಂದ್ಕೊಂಡ್ವಿ. ನಾನು ಮೆಲ್ಲಗೆ, ತೆಗೆಯೋದ್ರ ಬದಲು ಬರೀ ನರ ಕಟ್ ಮಾಡಿದ್ರೆ ಅಂತ ಕೇಳ್ದೆ. "ಮಾಡ್ಬಹುದು, ಮರಿ ಆಗಲ್ಲ. ಆದ್ರೆ ಹಾರ್ಮೋನ್ ಹಾಗೇ ಇರುತ್ತೆ, ನಿಮ್ಮ ದೊಡ್ಡಪ್ಪನ ಮೊಣಕಾಲಿಗೆ ನಾನು ಜವಾಬ್ದಾರಿ ಅಲ್ಲ" ಅಂದ್ರು. ಇದೆಲ್ಲ ಅವ್ರಿಗೆ ಯಾವಾಗ ಹೇಳಿದ್ಲೋ ಇವ್ಳು.

ವರ್ಷ ತುಂಬಿದ್ಮೇಲೂ ನಾವು ಎಳೀತಾನೇ ಇದ್ವಿ. ಒಂದ್ ರಾತ್ರಿ ಗುಂಡ ಗೇಟ್ ಹಾರಿ ಹೋದವನು ಎರಡು ದಿನ ಪತ್ತೆ ಇಲ್ಲ, ಬಂದಾಗ ಒಂದು ಕಿವಿ ಹರಿದಿತ್ತು. ಅಮ್ಮನೇ ಅರಿಶಿಣ ಹಚ್ತಾ ಅತ್ರು, ಆದ್ರೂ ಆ ಮಾತಿಗೆ ಮಾತ್ರ ಹೂಂ ಅನ್ನಲಿಲ್ಲ. ಹೆಂಡ್ತಿ ಯಾರನ್ನೂ ಕೇಳದೆ ಡೇಟ್ ತಗೊಂಡ್ಲು. ಮನೆ ಗ್ರೂಪಿಗೆ ಹಾಕೋ ಕೆಲಸ ನಂದು, ಹಾಕ್ದೆ: "ಮೀಟಿಂಗ್ ಶುಕ್ರವಾರ ಬೆಳಗ್ಗೆ ಫಿಕ್ಸ್. ಗುರುವಾರ ರಾತ್ರಿಯಿಂದ ಏನೂ ತಿನ್ನೋ ಹಾಗಿಲ್ಲ. ಎರಡೂ ತೆಗೀತಾರೆ, ಜಾಸ್ತಿ ಹೊತ್ತಾಗಲ್ಲ. ಅಮ್ಮಂಗೆ ಹೇಳ್ಬೇಡಿ."

ಹೋಗಿದ್ದು ಆಫೀಸ್ ಗ್ರೂಪಿಗೆ.

ಎಲ್ಲರ ನೀಲಿ ಟಿಕ್ ಬಂತು, ಹತ್ತು ನಿಮಿಷ ಒಬ್ರೂ ಉಸಿರೆತ್ತಲಿಲ್ಲ. ಆಮೇಲೆ ಒಬ್ಬ "ಸರ್, ಎರಡೂ ಅಂದ್ರೆ ನಮ್ ಟೀಮಲ್ಲೇ ಎರಡು ಪೋಸ್ಟಾ?" ಅಂದ. ಎಲ್ಲದಕ್ಕೂ ಹೂಂ ಅನ್ನೋ ಇನ್ನೊಬ್ಬ "ಓಕೆ ಸರ್, ನೋಟೆಡ್" ಅಂದ. ನಾನು ಗಾಬರಿಗೆ ಡಿಲೀಟ್ ಮಾಡ್ದೆ, ಅದ್ರಿಂದ ಅನುಮಾನ ಖಚಿತ ಆಯ್ತು.

ಆಪರೇಷನ್ ಸುಸೂತ್ರ ಆಯ್ತು. ಸಂಜೆ ಕುತ್ತಿಗೆಗೆ ಪ್ಲಾಸ್ಟಿಕ್ ಬುಟ್ಟಿ ಸಿಕ್ಕಿಸ್ಕೊಂಡು ಬಂದ ಗುಂಡ ಬಾಗಿಲಿಗೆ ಡಬ್ ಅಂತ ಗುದ್ದಿ, ಹಿಂದೆ ಸರಿದು, ಮತ್ತೆ ಅಲ್ಲೇ ಗುದ್ದಿದ. ಗುಟ್ಟು ಅಲ್ಲಿಗೆ ರಟ್ಟಾಯ್ತು. ಅಮ್ಮ ಮುನಿಸ್ಕೊಂಡೇ ಹಿಂದಿನಿಂದ ಬಗ್ಗಿ ನೋಡಿ "ಇದ್ದ ಹಾಗೇ ಇದ್ಯಲ್ಲೋ! ದುಡ್ಡು ತಗೊಂಡು ಸುಮ್ನೆ ಕಳ್ಸಿದ್ದಾರೆ" ಅಂತ ಒಳಗೊಳಗೇ ಖುಷಿಪಟ್ರು. ಅದು ಖಾಲಿ ಚೀಲ ಕಣಮ್ಮ, ಊತ ಇಳಿದ್ಮೇಲೆ ಕುಗ್ಗುತ್ತೆ ಅಂದ್ರೂ ನಂಬಲಿಲ್ಲ. ಒಳಗೆ ಉಳಿದ ವೀರ್ಯಾಣು ಖಾಲಿ ಆಗೋಕೆ ವಾರಗಳು ಬೇಕು, ಒಂದು ತಿಂಗಳು ಹೆಣ್ಣುನಾಯಿಗಳಿಂದ ದೂರ ಇಡಿ ಅಂತ ಡಾಕ್ಟ್ರು ಹೇಳಿದ್ದು ಕೇಳಿ ಅಮ್ಮನ ಮುಖದಲ್ಲಿ ಇನ್ನಷ್ಟು ಆಸೆ.

ಸೋಮವಾರ ಆಫೀಸ್ ಗ್ರೂಪಲ್ಲಿ, ಈ ಸಲ ಮೂರ್ ಸಲ ನೋಡ್ಕೊಂಡು, ನಿಜವಾದ ಮೀಟಿಂಗ್ ಹನ್ನೊಂದಕ್ಕೆ ಅಂತ ಹಾಕ್ದೆ. ತಕ್ಷಣ ಉತ್ತರ ಬಂತು:

"ಸರ್, ತಿಂಡಿ ತಿನ್ಕೊಂಡು ಬರ್ಬಹುದಾ?"