ಹಾಳಾಗುವ ಹಾಳೆಯ ಲೆಕ್ಕ

ಹೋದ ವರ್ಷ ನಮ್ಮ ಮನೆಯ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದೆವು. ನಾನು ಜರ್ಮನಿಗೆ ಬಂದು 11 ವರ್ಷವಾದರೂ ಇಲ್ಲಿನ ಕೆಲಸಗಾರರನ್ನು ಮನೆಯೊಳಗೆ ಕರೆಸಿದ್ದು ಅದೇ ಮೊದಲು. ಅಂದಾಜು ಹೇಳಲು ಬಂದವರು ಐವತ್ತು ದಾಟಿದ ಒಬ್ಬ ಮೈಸ್ಟರ್, ಅಂದರೆ ಕಸುಬಿನ ಮೇಲ್ಮಟ್ಟದ ಪರೀಕ್ಷೆ ಪಾಸಾಗಿ ಪತ್ರ ಪಡೆದವರು. ನಾನೋ ಬುದ್ಧಿವಂತ, ಮೊದಲೇ ಟೇಪು ಹಿಡಿದು ಇಷ್ಟು ಚದರ ಮೀಟರ್ ಅಂತ ಚೀಟಿ ಬರೆದಿಟ್ಟಿದ್ದೆ. ಅವರು ಅದನ್ನು ಓದಿ, ಮಡಚಿ ಜೇಬಿಗೆ ಹಾಕಿಕೊಂಡು ಮೂಲೆಗಳನ್ನು ಎಣಿಸತೊಡಗಿದರು. ಗೋಡೆಯಿಂದ ಪೈಪು ಎಷ್ಟು ಕಡೆ ಹೊರಬರುತ್ತದೆ, ಕಿಟಕಿಗೆ ಅಂಚು ಎಷ್ಟು, ನೆಲದ ಇಳಿಜಾರು ಯಾವ ಕಡೆಗೆ. ನಾನು ನೋಡುತ್ತಿರುವುದನ್ನು ಕಂಡು, "ನಡುಗೋಡೆಗೆ ಯಾರು ಬೇಕಾದರೂ ಅಂಟಿಸುತ್ತಾರೆ, ಹೊತ್ತು ತಿನ್ನುವುದು ಕತ್ತರಿಸುವ ಜಾಗ" ಅಂದರು.

ಆ ಮಾತು ಕೇಳಿದ್ದೇ ತಡ, ಮುಚ್ಚಿಹೋದ ನನ್ನ ಪ್ರೆಸ್ಸು ಕಣ್ಮುಂದೆ ಬಂತು.

ಕರ್ನಾಟಕದಲ್ಲಿದ್ದಾಗ ಗೆಳೆಯನೊಬ್ಬನ ಜತೆ ಸೇರಿ ಆಫ್‌ಸೆಟ್ ಮುದ್ರಣಾಲಯ ಹಾಕಿದ್ದೆ. ಕೈಯಲ್ಲಿ ಎಂಬಿಎ, ಲ್ಯಾಪ್‌ಟಾಪ್ ತುಂಬ ಎಕ್ಸೆಲ್. ಕಾಗದದ ವೇಸ್ಟೇಜಿಗೆ ಅಂತ ಪ್ರತಿ ಕೊಟೇಶನ್ನಿನಲ್ಲೂ ಶೇಕಡಾ ಇಂತಿಷ್ಟು ಸೇರಿಸುತ್ತಿದ್ದೆ. ಆಫ್‌ಸೆಟ್ ಯಂತ್ರದ ಮುಂದೆ ಒಂದು ವಾರ ನಿಂತವರಿಗೆ ಈ ತಪ್ಪು ಥಟ್ಟನೆ ಹೊಳೆಯುತ್ತದೆ. ನಾಲ್ಕು ಬಣ್ಣ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುವ ತನಕ, ಶಾಯಿ-ನೀರು ಹದಕ್ಕೆ ಬರುವ ತನಕ ಹಾಳೆಗಳು ಹಾಳಾಗುತ್ತಲೇ ಇರುತ್ತವೆ. 500 ಪ್ರತಿ ಹೊಡೆಯಲಿ, 5000 ಪ್ರತಿ ಹೊಡೆಯಲಿ, ಶುರುವಿನಲ್ಲಿ ಹಾಳಾಗುವ ಹಾಳೆ ಹೆಚ್ಚುಕಡಿಮೆ ಅಷ್ಟೇ. ಪ್ಲೇಟಿನ ಖರ್ಚೂ ಅಷ್ಟೇ, ಯಂತ್ರ ತೊಳೆಯುವ ಹೊತ್ತೂ ಅಷ್ಟೇ. ಅಂದರೆ ಸಣ್ಣ ಆರ್ಡರಿನಲ್ಲಿ ಆ ಶೇಕಡಾ ಲೆಕ್ಕ ಸಾಲದೆ ಪ್ರತಿಸಲವೂ ಕೈಯಿಂದ ಹಾಕುತ್ತಿದ್ದೆವು, ಸಣ್ಣ ಆರ್ಡರು ಹೆಚ್ಚಿದಷ್ಟೂ ಖುಷಿಪಡುತ್ತಿದ್ದೆವು! ಮಳೆಗಾಲದಲ್ಲಿ ತೇವ ಕುಡಿದ ಕಾಗದ ಹಿಗ್ಗಿ ಬಣ್ಣ ಕದಲಿದಾಗಲಂತೂ ಕೇಳುವುದೇ ಬೇಡ.

ಎರಡನೇ ವರ್ಷ ಬಾಗಿಲು ಮುಚ್ಚುವಾಗ ಮಷಿನ್‌ಮನ್ ಹತ್ತಿರ ಈ ಮಾತು ಎತ್ತಿದೆ. ಅವನಿಗೆ ಮೊದಲ ತಿಂಗಳಿಂದಲೇ ಗೊತ್ತಿತ್ತಂತೆ. "ಕೊಟೇಶನ್ ನಿಮ್ಮ ಟೇಬಲ್ಲಿಂದು ಸಾರ್, ನಾನ್ಯಾಕೆ ಬಾಯಿ ಹಾಕ್ಲಿ?" ಅಂದ. ನನ್ನ ಟೇಬಲ್ಲಿಗೂ ಅವನ ಯಂತ್ರಕ್ಕೂ ನಡುವೆ ಇದ್ದದ್ದು ಒಂದು ಗಾಜಿನ ಬಾಗಿಲು.

ಹಾಗಾಗಿ ನಮ್ಮವರಿಗೆ ಕೈಕೆಲಸದ ಅನುಭವ ಸಾಲದು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅನುಭವ ಬೇಕಾದಷ್ಟಿದೆ. ಅದು ಲೆಕ್ಕದ ಪುಸ್ತಕದವರೆಗೆ ಬರುವುದಿಲ್ಲ, ಅಷ್ಟೇ.

ಜರ್ಮನಿಯ ಮೈಸ್ಟರ್ ಪರೀಕ್ಷೆ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಹೊರಗಿನವರು ಅದನ್ನು ಬರೀ ಕೈಕೆಲಸದ ಪರೀಕ್ಷೆ ಅಂದುಕೊಳ್ಳುತ್ತಾರೆ. ಅದಕ್ಕೆ ಇರುವುದು ನಾಲ್ಕು ಭಾಗ: ಕೈಕೆಲಸ ಮಾಡಿ ತೋರಿಸುವುದು ಒಂದು, ಆ ಕಸುಬಿನ ಶಾಸ್ತ್ರ ಇನ್ನೊಂದು. ಮೂರನೆಯದು ವ್ಯವಹಾರ ಮತ್ತು ಕಾನೂನು, ಅಂದರೆ ಬೆಲೆ ಕಟ್ಟುವುದು, ಜಮಾಖರ್ಚು, ಕರಾರು. ನಾಲ್ಕನೆಯದು ಕಿರಿಯರಿಗೆ ಕಲಿಸುವ ವಿಧಾನ. ಇದಕ್ಕೂ ಮುಂಚೆ ಸಾಮಾನ್ಯವಾಗಿ ಮೂರು-ಮೂರೂವರೆ ವರ್ಷದ ಶಿಷ್ಯವೃತ್ತಿ ಮುಗಿದಿರುತ್ತದೆ. ವಾರದಲ್ಲಿ ಮೂರು-ನಾಲ್ಕು ದಿನ ಕೆಲಸದ ಜಾಗದಲ್ಲಿ, ಉಳಿದ ಒಂದೆರಡು ದಿನ ಶಾಲೆಯಲ್ಲಿ. ಮೂಲೆ ಎಣಿಸುವ ಕಣ್ಣು, ಬಿಲ್ಲು ಬರೆಯುವ ಕೈ ಎರಡೂ ಒಬ್ಬರದ್ದೇ ಆಗುವುದು ಹೀಗೆ.

ಇಲ್ಲಿನದೆಲ್ಲ ಚಿನ್ನ ಅಂತ ಹೇಳಲಾರೆ. ಹಲವು ಕಸುಬುಗಳಲ್ಲಿ ಮೈಸ್ಟರ್ ಪತ್ರವಿಲ್ಲದೆ ಸ್ವಂತ ಅಂಗಡಿ ತೆರೆಯುವಂತಿಲ್ಲ. ಅನುಭವಸ್ಥ ಕೆಲಸಗಾರರಿಗೆ ಒಂದು ಕಿಂಡಿ ಇದೆ: ಆರು ವರ್ಷ ದುಡಿದು, ಅದರಲ್ಲಿ ನಾಲ್ಕು ವರ್ಷ ಹೊಣೆಗಾರಿಕೆಯ ಸ್ಥಾನದಲ್ಲಿದ್ದರೆ ಅನುಮತಿ ಕೇಳಬಹುದು. ಆದರೂ ಬೇರೆ ದೇಶದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಬಂದವರು ಇಲ್ಲಿ ಕಾಗದದ ಮುಂದೆ ತಲೆಬಗ್ಗಿಸಿ ನಿಂತದ್ದನ್ನು ಕಂಡಿದ್ದೇನೆ. ಒಳಗಿದ್ದವರು ಹೊರಗಿನವರನ್ನು ದೂರ ಇಡಲು ಇದನ್ನು ಬಳಸುತ್ತಾರೆ ಎಂಬ ದೂರು ಪೂರ್ತಿ ಸುಳ್ಳಲ್ಲ. 2004ರಲ್ಲಿ ಸರ್ಕಾರವೇ 53 ಕಸುಬುಗಳಿಗೆ ಈ ಕಡ್ಡಾಯ ತೆಗೆದುಹಾಕಿತು. ಟೈಲ್ಸ್ ಕೆಲಸವೂ ಅದರಲ್ಲಿತ್ತು. ಒಬ್ಬೊಬ್ಬರೇ ನಡೆಸುವ ಪುಟ್ಟ ಸಂಸ್ಥೆಗಳು ಅಣಬೆಯಂತೆ ಎದ್ದವು, ಆದರೆ ಒಬ್ಬನೇ ಇರುವ ಕಡೆ ಶಿಷ್ಯನನ್ನು ಇಟ್ಟುಕೊಳ್ಳುವವರು ಯಾರು? ಕೊನೆಗೆ 2020ರಲ್ಲಿ ಟೈಲ್ಸ್ ಸೇರಿ 12 ಕಸುಬುಗಳಿಗೆ ಕಡ್ಡಾಯ ಮರಳಿ ಬಂತು.

ನಮ್ಮಲ್ಲೂ ಅಪ್ರೆಂಟಿಸ್ ಕಾಯ್ದೆ ಇದೆ, 1961ರದ್ದು. ಈಗಿನ ನಿಯಮದಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಮಾತ್ರ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ನನ್ನ ಪ್ರೆಸ್ಸಿನಂಥ ಏಳು ಜನರ ಜಾಗದಲ್ಲಿ ಹುಡುಗರು ಹಿರಿಯರ ಬೆನ್ನ ಹಿಂದೆ ನಿಂತು ಕದ್ದು ಕಲಿಯುತ್ತಾರೆ. ಕಲಿತದ್ದಕ್ಕೆ ಪತ್ರವಿಲ್ಲ, ಬೆಲೆ ಕಟ್ಟುವುದನ್ನಂತೂ ಯಾರೂ ಹೇಳಿಕೊಡುವುದಿಲ್ಲ. ಗಲ್ಲಾಪೆಟ್ಟಿಗೆಯ ಬೀಗದ ಕೈ ಮಾಲೀಕನ ಸೊಂಟದಲ್ಲೇ ಇರುತ್ತದೆ.

ಮತ್ತೆ ನಮ್ಮ ಬಚ್ಚಲಿಗೆ ಬರುತ್ತೇನೆ. ಮೈಸ್ಟರ್ ಜತೆ ಹದಿನೆಂಟರ ಹುಡುಗಿಯೊಬ್ಬಳು ಬರುತ್ತಿದ್ದಳು, ಎರಡನೇ ವರ್ಷದ ಶಿಷ್ಯೆ. ಸಂಜೆ ಅವರು ಬೆರಳ ಗಂಟಿನಿಂದ ಒಂದೊಂದೇ ಟೈಲ್ ತಟ್ಟುತ್ತಾ ಬಂದರು. ಒಂದು ಕಡೆ ಸದ್ದು ಟೊಳ್ಳಾಗಿತ್ತು, ಕೆಳಗೆ ಗಾರೆ ಪೂರ್ತಿ ಹಿಡಿದಿರಲಿಲ್ಲ. ಅವಳ ಕೈಯಲ್ಲೇ ತಟ್ಟಿಸಿ, ಪಕ್ಕದ್ದನ್ನೂ ತಟ್ಟಿಸಿ, ವ್ಯತ್ಯಾಸ ಹೇಳು ಅಂದರು. ಅವಳು ಹೇಳಿದಳು, ಕಿತ್ತಳು, ಮತ್ತೆ ಕೂರಿಸಿದಳು. ಆ ಮುಕ್ಕಾಲು ಗಂಟೆ ನನ್ನ ಬಿಲ್ಲಿನಲ್ಲಿ ಬಂದಿತ್ತಾ ಅಂತ ಆಮೇಲೆ ಹುಡುಕಿ ನೋಡಿದೆ, ಇರಲಿಲ್ಲ. ಅವಳು ಅವರ ಮಗಳೇ ಅಂತ ಗೊತ್ತಾದದ್ದು ಕೊನೆಯ ದಿನ. ಓದು-ತರಬೇತಿಗಳನ್ನು ಮೆಟ್ಟಿಲುಗಳಾಗಿ ಜೋಡಿಸಿರುವ ಈ ದೇಶದ ಅರ್ಹತಾ ಚೌಕಟ್ಟಿನಲ್ಲಿ ಮೈಸ್ಟರ್ ಪತ್ರಕ್ಕೂ ಬ್ಯಾಚುಲರ್ ಪದವಿಗೂ ಒಂದೇ ಮೆಟ್ಟಿಲು, 6ನೆಯದು. ಮಗಳನ್ನು ಈ ಕೆಲಸಕ್ಕೆ ಕರೆತರಲು ಅವರಿಗೆ ಸಂಕೋಚವೇನೂ ಇದ್ದಂತೆ ಕಾಣಲಿಲ್ಲ.

ಊರಿಗೆ ಹೋದಾಗ ಆ ಮಷಿನ್‌ಮನ್‌ನನ್ನು ಹುಡುಕಿಕೊಂಡು ಹೋಗಿದ್ದೆ. ಈಗ ಬೇರೆ ಪ್ರೆಸ್ಸಿನಲ್ಲಿದ್ದಾನೆ, ಅದೇ ಯಂತ್ರ, ಅದೇ ಶಾಯಿ ಹತ್ತಿದ ಉಗುರು. ಮಗನಿಗೂ ಕಲಿಸ್ತಿದ್ದೀಯಾ ಅಂತ ಕೇಳಿದೆ.

"ಅವನು ಇದನ್ನ ಮುಟ್ಟಬಾರದು ಅಂತಾನೇ ಸಾಲ ಮಾಡಿ ಓದಿಸ್ತಿದ್ದೀನಿ ಸಾರ್" ಅಂದ. ಏನು ಓದ್ತಿದ್ದಾನೆ ಅಂದರೆ, ಎಂಬಿಎ.