ನೀರು ಗುಡ್ಡ ಹತ್ತಿದ ಕಥೆ

ಇಂದು ಬೆಳಿಗ್ಗೆ ಆರೂವರೆಗೆ ಹಾಲಿನ ಅಂಗಡಿಯವರು ಪ್ಯಾಕೆಟ್ ಕೈಗಿಡುತ್ತಾ, "ನೀರು ಇನ್ನೂ ಮೇಲಕ್ಕೇ ಹತ್ತುತ್ತಿದೆಯೋ, ಇಳಿಯಿತೋ?" ಎಂದು ಕೇಳಿದರು. ಇದನ್ನು ಅವರಿಗೆ ಹೇಳಿದವರು ಯಾರೆಂದು ನಾನು ವಿಚಾರಿಸಲಿಲ್ಲ. ಜಗಳೂರಿನಿಂದ ಬಂದಿದ್ದ ನನ್ನ ಸೋದರಮಾವ ನಿನ್ನೆ ಅದೇ ಅಂಗಡಿಯಲ್ಲಿ ಎಲೆ ಅಡಿಕೆ ಕೊಂಡಿದ್ದರು.

ನಡೆದದ್ದಿಷ್ಟು. ಈ ವಾರಾಂತ್ಯ ಒಂದು ಗೇಮ್ ಜಾಮ್‌ಗೆ ಹೆಸರು ಕೊಟ್ಟಿದ್ದೆ. ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗಿನ 48 ಗಂಟೆಗಳಲ್ಲಿ ಆಡಲು ಬರುವಂಥ ಒಂದು ಆಟ ತಯಾರಿಸಿ ಕಳುಹಿಸಬೇಕು. ಬಹುಮಾನವೇನೂ ಇಲ್ಲ, ನಿದ್ದೆ ಕೆಡುವುದು ಮಾತ್ರ ಖಚಿತ. "ಜಾಮ್ ಬೇಕಿದ್ದರೆ ರೈಲ್ವೆ ಗೇಟಿನ ಹತ್ತಿರ ಹೋಗಿ ನಿಲ್ಲು, ಅದಕ್ಕೆ ಕಂಪ್ಯೂಟರ್ ಏಕೆ?" ಎಂದರು ಮಾವ. ಅವರು ಭಾನುವಾರದ ಮದುವೆಯೊಂದಕ್ಕೆ ಶುಕ್ರವಾರವೇ ಬಂದಿಳಿದಿದ್ದರು. ಮದುವೆಗೆ ಮುಂಚಿತವಾಗಿ ಬಂದ ಮಾವಂದಿರಿಗೆ ಮುಹೂರ್ತದವರೆಗೆ ಮಾಡಲು ಏನೂ ಕೆಲಸವಿರುವುದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನನ್ನ ಆಟ ಚಿಕ್ಕದು. ಎಂಟಕ್ಕೆ ಎಂಟು ಚೌಕಗಳು, ನಡುವೆ ಹೂಳು ತುಂಬಿ ಬಳ್ಳಾರಿ ಜಾಲಿ ಹಬ್ಬಿದ ಕೆರೆ. ಒಂದು ಸರದಿಗೆ ಒಂದೇ ಕೆಲಸ. ಜಾಲಿ ಕಡಿಯಬಹುದು, ಬೇರು ಕೀಳಬಹುದು, ಹೂಳೆತ್ತಬಹುದು, ಏರಿ ಕಟ್ಟಬಹುದು, ಹೊಂಗೆ ನೆಡಬಹುದು. ಅವಸರಕ್ಕೆ ಕಡಿದು ಬೇರು ಬಿಟ್ಟರೆ ಎರಡೇ ಸರದಿಯಲ್ಲಿ ಜಾಲಿ ದುಪ್ಪಟ್ಟಾಗಿ ಚಿಗುರುತ್ತದೆ. ಮೇಕೆ ಅದರ ಕಾಯಿ ತಿಂದು, ಹೋದಲ್ಲೆಲ್ಲ ಹಿಕ್ಕೆ ಹಾಕಿ ಹೊಸ ಗಿಡ ಹುಟ್ಟಿಸುತ್ತದೆ. ಇದರಲ್ಲಿ ನನ್ನ ಕಲ್ಪನೆ ಏನೇನೂ ಇಲ್ಲ. ಬರದ ನೆಲ ಹಸಿರಾಗಲಿ ಎಂದು 19ನೇ ಶತಮಾನದಲ್ಲಿ ಅಮೆರಿಕದ ಕಡೆಯಿಂದ ತಂದ ಈ ಗಿಡ ನಮ್ಮ ಸೀಮೆಯ ಕೆರೆಯಂಗಳಗಳನ್ನು ಹಿಡಿದದ್ದು ಹೀಗೆಯೇ.

ಕೆರೆ ತುಂಬಿ ಸುತ್ತ ಹುಲ್ಲು ಎದ್ದರೆ ನಾಲ್ಕು ಕೊಂಬಿನ ಹುಲ್ಲೆ, ಅಂದರೆ ಕೊಂಡುಕುರಿ, ನೀರಿಗೆ ಬರುತ್ತದೆ; ಅಲ್ಲಿಗೆ ಗೆದ್ದಂತೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಿಂದ ಈ ಪ್ರಾಣಿಗೆಂದೇ ವನ್ಯಧಾಮವಿದೆ, ಹಾಗಾಗಿ ಮಾವನಿಗೆ ಗುರುತು ಸಿಗುತ್ತದೆ ಎಂದುಕೊಂಡಿದ್ದೆ. ಆದರೆ ನಾಲ್ಕು ಕೊಂಬುಗಳನ್ನು 16 ಪಿಕ್ಸೆಲ್ ಅಗಲದ ಚೌಕದಲ್ಲಿ ಕೂರಿಸಬೇಕಲ್ಲ. ಮುಂದಿನ ಜೋಡಿ ಗಿಡ್ಡ ಎಂದು ಒಂದೊಂದು ಪಿಕ್ಸೆಲ್ ಇಟ್ಟೆ. ಅವು ಹುಬ್ಬಿನಂತೆ ಕಂಡವು. "ಈ ನಾಯಿಗೆ ಯಾಕೆ ಇಷ್ಟು ಸಿಟ್ಟು?" ಎಂದರು ಮಾವ.

ಮೇಕೆಯ ವಿಷಯಕ್ಕಂತೂ ದೊಡ್ಡ ಜಗಳವೇ ಆಯಿತು. ಮಾವ ಹನ್ನೆರಡು ಮೇಕೆ ಸಾಕಿದ್ದಾರೆ. "ಬೇಸಗೆಯಲ್ಲಿ ಹಸಿರು ಕಡ್ಡಿಯೂ ಇಲ್ಲದಾಗ ಜಾಲಿಕಾಯಿ ತಿಂದೇ ಅವು ಜೀವ ಹಿಡಿಯುವುದು. ಆಗ ನಿನ್ನ ಕಂಪ್ಯೂಟರ್ ಮೇವು ಹಾಕುತ್ತದೆಯೇ?" ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಸಮಯವೂ ಇರಲಿಲ್ಲ.

ಶನಿವಾರ ಸಂಜೆ ಮಾವ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದು ಪೊಟ್ಟಣವನ್ನು ಸರಿಯಾಗಿ ಲ್ಯಾಪ್‌ಟಾಪಿನ ಪಕ್ಕದಲ್ಲೇ ಬಿಚ್ಚಿದರು. ನಾನು ಹೆಮ್ಮೆಯಿಂದ ಮೂರನೆಯ ಹಂತ ತೋರಿಸಿದೆ. ಬೆಂಗಳೂರಿನ ಇಬ್ಬರು ಗೆಳೆಯರು ಅದನ್ನು ಒಂದು ಗಂಟೆ ಆಡಿ, ಕಷ್ಟವಾದರೂ ಮಜವಾಗಿದೆ ಎಂದಿದ್ದರು. ಮಾವ ಮಿರ್ಚಿಯ ತೊಟ್ಟನ್ನು ಬಾಯಿಂದ ತೆಗೆದ ಅದೇ ಬೆರಳನ್ನು ಪರದೆಯ ಮೇಲೆ ಒತ್ತಿದರು.

"ಇದು ಏರಿಯೇ?"

"ಹೌದು ಮಾವ."

"ಇದು ಕೋಡಿ, ಹೆಚ್ಚಾದ ನೀರು ಹೊರಹೋಗುವ ದಾರಿ. ಗದ್ದೆಗೆ ನೀರು ಬಿಡುವ ತೂಬು ಎಲ್ಲಿ?"

"ತೂಬು ಆಮೇಲೆ ಇಡುತ್ತೇನೆ."

"ಗುಡ್ಡ ಯಾವ ಕಡೆ?"

ತೋರಿಸಿದೆ. ಬೆರಳು ಎಣ್ಣೆಯ ಗೆರೆ ಎಳೆಯುತ್ತಾ ಕೋಡಿಯಿಂದ ಕೆರೆಗೆ ಬಂದು, ಕೆರೆ ದಾಟಿ ಗುಡ್ಡದ ನೆತ್ತಿಯಲ್ಲಿ ನಿಂತಿತು. "ಅಳಿಯಾ, ನಿನ್ನ ನೀರು ಕೋಡಿಯಿಂದ ಒಳಗೆ ಬರುತ್ತಿದೆಯಲ್ಲೋ. ಬಂದು ಗುಡ್ಡ ಹತ್ತುತ್ತಿದೆ."

ನಿಜ. ನಾನು ಬಳಸುವ ಗೊಡೋ ತಂತ್ರಾಂಶದಲ್ಲಿ ಲೆಕ್ಕ ಪರದೆಯ ಮೇಲಿನ ಎಡಮೂಲೆಯಿಂದ ಶುರುವಾಗಿ, ಕೆಳಗಿಳಿದಂತೆಲ್ಲ ಸಾಲಿನ ಸಂಖ್ಯೆ ಹೆಚ್ಚುತ್ತದೆ. ಶಾಲೆಯ ಗ್ರಾಫ್ ಹಾಳೆಯಲ್ಲಿ ಇದು ತದ್ವಿರುದ್ಧ. ರಾತ್ರಿ ಮೂರು ಗಂಟೆಗೆ ನಾನು ಎಸ್ಸೆಸ್ಸೆಲ್ಸಿ ಹುಡುಗನಾಗಿ, ದೊಡ್ಡ ಸಂಖ್ಯೆಯೇ ಎತ್ತರವೆಂದು ಬರೆದಿದ್ದೆ. ಎರಡು ಪದವಿ ಪಡೆದ ಗೆಳೆಯರಿಗೆ ಕಾಣದ್ದು ಮಾವನಿಗೆ ಮಿರ್ಚಿ ಮುಗಿಯುವುದರೊಳಗೆ ಕಂಡಿತ್ತು.

ಅಲ್ಲಿಂದ ಶುರುವಾಯಿತು ಮೊಬೈಲ್ ಪ್ರಸಾರ. ಮಾವನಿಗೆ ಸ್ಪೀಕರ್ ಹಾಕದೆ ಮಾತನಾಡಿ ಗೊತ್ತಿಲ್ಲ. ಮೊದಲು ಅತ್ತೆಗೆ, ಆಮೇಲೆ ಚಿತ್ರದುರ್ಗದ ಬೀಗರಿಗೆ. "ಭದ್ರಾ ಮೇಲ್ದಂಡೆಗೆ ಪಂಪು, ಸುರಂಗ ಎಂದು ಎಷ್ಟು ವರ್ಷದಿಂದ ಒದ್ದಾಡುತ್ತಿದ್ದಾರೆ. ನಮ್ಮ ಅಳಿಯ ಚೇರ್ ಬಿಟ್ಟು ಏಳದೆ ನೀರು ಮೇಲೆತ್ತಿದ್ದಾನೆ!" ಪ್ರತಿ ಕರೆಗೂ ನೀರಿನ ಮಟ್ಟ ಏರುತ್ತಿತ್ತು. ಅತ್ತೆಗೆ ಹೇಳುವಾಗ ಗುಡ್ಡದ ಬುಡದಲ್ಲಿದ್ದದ್ದು, ಬೀಗರಿಗೆ ಹೇಳುವಷ್ಟರಲ್ಲಿ ಕೋಟೆಯ ಬಾಗಿಲು ದಾಟಿತ್ತು. ಭಾನುವಾರ ಮುಹೂರ್ತದ ಹೊತ್ತಿಗೆ ಜೋಗಿಮಟ್ಟಿಯ ತುದಿ ಮುಟ್ಟಿತ್ತು. ಪಂಕ್ತಿಯಲ್ಲಿ ಸಾರು ಬಡಿಸುವ ಹುಡುಗ ನನ್ನ ಎಲೆಯ ಮುಂದೆ ಬಗ್ಗಿ, "ನಿಮಗೆ ಕಟ್ಟೆ ಕಟ್ಟಿಕೊಳ್ಳುವುದು ಬೇಡ ಅಣ್ಣಾ, ಅದೇ ಅನ್ನದ ಮೇಲೆ ಹತ್ತುತ್ತದೆ" ಎಂದ. ಅವನು ಯಾರೋ ನನಗೆ ಗೊತ್ತಿಲ್ಲ.

ತಪ್ಪು ತಿದ್ದುವುದಕ್ಕೆ ಒಂದು ಚಿಹ್ನೆ ಬದಲಿಸಿದರೆ ಸಾಕಿತ್ತು. ಬದಲಿಸಿದೆ. ಮೊದಲ ಹಂತ ಒಂದೇ ಸರದಿಗೆ ಮುಗಿಯಿತು, ಮೂರನೆಯದು ಏನು ಮಾಡಿದರೂ ಮುಗಿಯದಾಯಿತು. ಒಗಟುಗಳನ್ನೆಲ್ಲ ನಾನು ಗುಡ್ಡ ಹತ್ತುವ ನೀರಿಗೆ ಹೊಂದಿಸಿಯೇ ಕಟ್ಟಿದ್ದೆ. ಕೊನೆಗೆ ಚಿಹ್ನೆಯನ್ನು ಮೊದಲಿನಂತೆಯೇ ಬಿಟ್ಟು, ಗುಡ್ಡ, ಕೋಡಿಗಳ ಚಿತ್ರಗಳನ್ನಷ್ಟೇ ಅದಲುಬದಲಾಗಿಸಿ ಊರನ್ನೇ ತಲೆಕೆಳಗು ಮಾಡಿದೆ. ಗುಡ್ಡ ಈಗ ಪರದೆಯ ಕೆಳಗಿದೆ. ನೀರು ಇಳಿಯುತ್ತಿದೆ ಎಂದು ನಂಬಬೇಕು.

ಈ ರಿಪೇರಿ ಶನಿವಾರ ರಾತ್ರಿ ನಡೆಯುತ್ತಿರುವಾಗ ಮಾವ ಪಕ್ಕದಲ್ಲೇ ಕುಳಿತಿದ್ದರು. "ಕೆರೆ ತುಂಬಿದ ಮೇಲೆ ಏನಾಗುತ್ತದೆ?" ಎಂದರು.

"'ಹಂತ ಪೂರ್ಣಗೊಂಡಿದೆ' ಎಂದು ಬರುತ್ತದೆ."

"ಅಷ್ಟೇಯೋ? ಬಾಗಿನ ಬಿಡುವುದಿಲ್ಲವೇ?"

ಅವರ ಊರ ಕೆರೆ ಕೋಡಿ ಬಿದ್ದ ವರ್ಷ ನನ್ನ ಅಮ್ಮನಿಗೆ ಒಂಬತ್ತು ವರ್ಷವಂತೆ. ಬಾಗಿನ ಹೊತ್ತ ಹೆಂಗಸರ ಹಿಂದೆ ಹೋದವಳು ಲಂಗದ ತುದಿಯಲ್ಲಿ ಮೀನು ಹಿಡಿದು ತಂದು, ಶುದ್ಧ ಸಸ್ಯಾಹಾರಿ ಅಜ್ಜಿಯಿಂದ ಏಟು ತಿಂದಳಂತೆ. "ಈಗ ಅದೇ ಅಂಗಳದಲ್ಲಿ ಮೇಕೆ ತಪ್ಪಿಸಿಕೊಂಡರೆ ಕೊರಳ ಗಂಟೆಯ ಸದ್ದು ಹಿಡಿದು ಹುಡುಕುತ್ತೇನೆ. ಜಾಲಿಯೊಳಗೆ ಕಣ್ಣಿಗೆ ಏನೂ ಕಾಣುವುದಿಲ್ಲ" ಎಂದರು. ಆ ಮಾತಿನ ನಂತರ ಸ್ವಲ್ಪ ಹೊತ್ತು ಅವರು ಯಾರಿಗೂ ಫೋನ್ ಮಾಡಲಿಲ್ಲ.

ಭಾನುವಾರ ಮದುವೆಯಿಂದ ಓಡಿ ಬಂದು, ಕೊನೆಯ ಹಂತದಲ್ಲಿ ಒಂದು ಮೊರ ತೇಲಿಬಿಟ್ಟೆ. ಕಾಫಿ ತಂದ ಅಮ್ಮ ನೋಡಿದರು. "ಒಂದೇ ಮೊರವೇ? ಮುಚ್ಚುವುದಕ್ಕೆ ಇನ್ನೊಂದು ಬೇಡವೇ? ಅಪಶಕುನ." ಗಡುವಿಗೆ 25 ನಿಮಿಷವಿತ್ತು. ಎರಡನೆಯ ಮೊರವನ್ನೂ ಬರೆದು ಕಳುಹಿಸಿದೆ.

ಇಷ್ಟರಲ್ಲಾಗಲೇ ಆಡಿದವರೊಬ್ಬರು ಅಭಿಪ್ರಾಯ ಬರೆದಿದ್ದಾರೆ: ಆಟ ಚೆನ್ನಾಗಿದೆ, ಆದರೆ ಕೊನೆಯಲ್ಲಿ ಕೆರೆಗೆ ಕ್ರೀಮ್ ಬಿಸ್ಕತ್ತು ಹಾಕುವುದು ಏಕೆ?

ಹಾಲು ಹಿಡಿದು ಮನೆಗೆ ಬಂದರೆ ಅಮ್ಮನ ಮೊಬೈಲ್ ಸ್ಪೀಕರಿನಲ್ಲಿತ್ತು. ಮಾವ ಊರು ತಲುಪಿದ್ದರು, ಹಿಂದೆ ಮೇಕೆಗಳ ಸದ್ದು ಕೇಳುತ್ತಿತ್ತು.

"ಅವನು ತೂಬು ಇಟ್ಟನೇನು?"