ಸಕ್ಕರೆ ಇಲ್ಲದ ಕಾಫಿ ಕೊಡಪ್ಪಾ!

ಬೆಂಗಳೂರಿನ ದರ್ಶಿನಿಗಳಲ್ಲಿ ದಿನಾ ಬೆಳಗ್ಗೆ ಸಕ್ಕರೆ ಕಾಯಿಲೆಯ ವಿರುದ್ಧ ಯುದ್ಧ ನಡೆಯುತ್ತದೆ. ಪಾರ್ಕಿನಲ್ಲಿ ವಾಕಿಂಗ್ ಮುಗಿಸಿದ ಹಿರಿಯರು ಸೀದಾ ಕೌಂಟರಿಗೆ ಬರುತ್ತಾರೆ. ಎರಡು ಇಡ್ಲಿ, ಒಂದು ಮಸಾಲೆ ದೋಸೆ. ಎಲ್ಲ ಮುಗಿದ ಮೇಲೆ ನಾಲ್ಕು ಜನಕ್ಕೆ ಕೇಳುವ ಹಾಗೆ ಘೋಷಣೆ: "ಸಕ್ಕರೆ ಇಲ್ಲದ ಕಾಫಿ ಕೊಡಪ್ಪಾ, ನಂಗೆ ಶುಗರ್ ಇದೆ!"

ಬೇಡ ಅಂದ ಆ ಒಂದು ಚಮಚದಲ್ಲಿ ಹೆಚ್ಚೆಂದರೆ 5 ಗ್ರಾಂ ಕಾರ್ಬ್, ಅಂದರೆ ಹೊಟ್ಟೆಗೆ ಹೋಗಿ ರಕ್ತದ ಸಕ್ಕರೆ ಏರಿಸುವ ಕಾರ್ಬೋಹೈಡ್ರೇಟ್. ದೋಸೆಯಲ್ಲಿ ಎಷ್ಟು ಅಂತ ಕೇಳಬಾರದು. ಅದು ಖಾರ ಅಲ್ವಾ?

ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ಇಷ್ಟೊಂದು ಗಿರಾಕಿಗಳನ್ನು ಸಿಹಿ ಅಂಗಡಿಗಳು ಕೈಬಿಡುತ್ತವಾ? ಖರ್ಜೂರದ ಬರ್ಫಿಗೆ 'ಶುಗರ್ ಫ್ರೀ' ಚೀಟಿ ಬಿತ್ತು. ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ಆದರೆ ಅದನ್ನು ಹಾಕಿದ್ದು ಮರ, ಅಂಗಡಿಯವರಲ್ಲ. ಬೆಲ್ಲಕ್ಕಂತೂ ಬಣ್ಣ ನೋಡಿಯೇ ಜಾಮೀನು ಸಿಕ್ಕಿದೆ.

ಇನ್ನು ರಾಗಿ. ಅದರ ತಂಟೆಗೆ ಹೋಗೋಕೆ ನನಗೂ ಧೈರ್ಯ ಸಾಲದು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್ ಇದ್ದರೆ, ರಾಗಿಯಲ್ಲಿ 67. ನಾರು ಜಾಸ್ತಿ, ಒಪ್ಪಿದೆ. ಆದರೆ ಅನ್ನದ ಬದಲು ಮುದ್ದೆ ಎಂದು ಡಾಕ್ಟರು ಹೇಳಿದ್ದು, ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಅನ್ನದ ಮೊದಲು ಮುದ್ದೆ ಎಂದಾಗಿರುತ್ತದೆ. ಎರಡು ಮುದ್ದೆ ಔಷಧಿಯ ಲೆಕ್ಕ, ಆಮೇಲಿನ ಅನ್ನ ಸಾರು ಊಟದ ಲೆಕ್ಕ.

ನಿಜವಾಗಲೂ ಕಾರ್ಬ್ ಕಮ್ಮಿ ಮಾಡುವವರೂ ಇದ್ದಾರೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಸುಮ್ನೆ ಅನ್ನ ಬಿಟ್ಟರೆ ಶುಗರ್ ವಿಪರೀತ ಇಳಿದು ಬೆವತು ನಡುಗಬೇಕಾಗುತ್ತದೆ. ಡೋಸ್ ಬದಲಾಯಿಸಬೇಕಾ ಅಂತ ಡಾಕ್ಟರನ್ನು ಕೇಳಬೇಕು. ನಮ್ಮಲ್ಲಿ ಆ ಸಲಹೆಗೆ ಮದುವೆ ಮನೆಗಳಿವೆ.

ಅಲ್ಲಿ ಕೋಸಂಬರಿ ಎಲೆಯ ಮೂಲೆಗೆ ಒಂದು ಚಮಚ, ಶಾಸ್ತ್ರಕ್ಕೆ. ಇನ್ನೊಂದು ಸಲ ಕೇಳಿದರೆ ಬಡಿಸುವವರು ನಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ಅನ್ನ ಮಾತ್ರ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಬೀಳುತ್ತದೆ. ಒಬ್ಬಟ್ಟು ಬೇಡ ಅಂದರೆ ಹೆಣ್ಣಿನ ಸೋದರಮಾವನವರೇ ತುಪ್ಪದ ಮಿಳ್ಳೆ ಹಿಡಿದು ಬರುತ್ತಾರೆ. "ಒಂದಿನಕ್ಕೆ ಏನೂ ಆಗಲ್ಲ, ತಿನ್ನಿ ಸಾರ್. ರಾತ್ರಿ ಒಂದು ಮಾತ್ರೆ ಜಾಸ್ತಿ ತಗೊಂಡ್ರಾಯ್ತು."

ಅವರು ಯಾವ ಆಸ್ಪತ್ರೆಯಲ್ಲಿದ್ದಾರೆ ಅಂತ ವಿಚಾರಿಸಿದೆ. ಸೈಟ್ ಬ್ರೋಕರ್ ಅಂತೆ.